ಬಿನ್, ಕೋಂ, ಯಾನೆ: ಮನೆತನದ ಬೇರು ಹುಡುಕುವವರಿಗೆ

ಹೊನ್ನಾಳಿ ಸೀಮೆಯ ಹಳೆಯ ಕೈಬರಹದ ಪಹಣಿಯೊಂದನ್ನು ತೆಗೆದು ಒಂಬತ್ತನೇ ಕಾಲಂ ನೋಡಿ. ‘ಹಾಲಪ್ಪ ಯಾನೆ ಹಾಲಣ್ಣ ಬಿನ್ ದೊಡ್ಡ ಹಾಲಪ್ಪ’ ಎಂಬ ಬಗೆಯ ಸಾಲೊಂದು ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ‘ಹಾಲಮ್ಮ ಕೋಂ ಲೇಟ್ ಹಾಲಪ್ಪ’. ಶಾನುಭೋಗರು ಈ ಮೂರು ಪುಟ್ಟ ಪದಗಳಲ್ಲಿ ಇಡೀ ಸಂಸಾರವನ್ನು ಕಟ್ಟಿಹಾಕಿದ್ದಾರೆ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ, ಯಾನೆ ಅಂದರೆ ಊರವರು ಕರೆಯುವ ಇನ್ನೊಂದು ಹೆಸರು. ಕುಟುಂಬದ ಹೆಸರು ಅನ್ನುವುದು ಮಾತ್ರ ಎಲ್ಲೂ ಇಲ್ಲ.

ವಂಶ ಹುಡುಕಲು ಹೊರಟ ಬಹಳಷ್ಟು ಜನ ಎಡವುವುದು ಇಲ್ಲೇ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಅಡ್ಡಹೆಸರನ್ನು ಹಿಡಿದು ಹಿಂದಕ್ಕೆ ಹೋಗಿ ಎನ್ನುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಆ ದಾರಿ ಎರಡನೇ ತಲೆಮಾರಿಗೇ ಮುಗಿದುಹೋಗುತ್ತದೆ. ಇಲ್ಲಿ ತಲೆಮಾರು ದಾಟಿ ಉಳಿಯುವುದು ಹೊಲದ ಸರ್ವೆ ನಂಬರು, ಮನೆದೇವರು, ಬೆಡಗು (ಜಾತಿಯೊಳಗಿನ ಕುಲದ ಹೆಸರು) ಮತ್ತು ಸೊಸೆಯಂದಿರ ತವರೂರು. ಈ ನಾಲ್ಕರಲ್ಲಿ ಒಂದನ್ನು ಹಿಡಿದರೂ ಐದಾರು ತಲೆಮಾರು ಹತ್ತಬಹುದು.

ಇಂಥ ತೊಡಕು ನಮ್ಮದೊಬ್ಬರದೇ ಅಲ್ಲ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನಿಂದ ಕೆನಡಾದ ಕ್ವಿಬೆಕ್‌ಗೆ ಹೋಗಿ ನೆಲೆಸಿದ ರೈತರು, ಸಿಪಾಯಿಗಳ ವಂಶಸ್ಥರಿಗೂ ಇದೇ ಫಜೀತಿ. ಅವರ ಚರ್ಚ್ ದಾಖಲೆಗಳಲ್ಲಿ ಮನೆತನದ ಹೆಸರಿನ ಪಕ್ಕ ‘ದಿ’ ಎಂದು ಬರೆದು ಇನ್ನೊಂದು ಹೆಸರು ಸೇರಿಸುತ್ತಿದ್ದರು. ಸಿಪಾಯಿಗೆ ಪಡೆಯಲ್ಲಿ ಬಿದ್ದ ಅಡ್ಡಹೆಸರೋ, ಹುಟ್ಟಿದ ಊರೋ ಅದಾಗಿರುತ್ತಿತ್ತು. ನಮ್ಮ ಯಾನೆಯ ತದ್ರೂಪು. ಮುಂದೆ ಅಣ್ಣನ ಮಕ್ಕಳು ಮೊದಲ ಹೆಸರನ್ನೂ ತಮ್ಮನ ಮಕ್ಕಳು ಎರಡನೆಯದನ್ನೂ ಉಳಿಸಿಕೊಂಡು ಒಂದೇ ಮನೆ ಎರಡು ಹೆಸರಾಗಿ ಒಡೆಯಿತು. ಆದರೂ ಅವರ ಹುಡುಕಾಟ ನಮಗಿಂತ ಸಲೀಸು. ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಟ್ಟರು. ಮದುವೆಯಾದ ಹೆಣ್ಣನ್ನು ಸಾಯುವ ತನಕ ತಂದೆಯ ಮನೆಯ ಹೆಸರಿನಿಂದಲೇ ದಾಖಲಿಸಿದರು. ಹೀಗಾಗಿ ಅಲ್ಲಿ ಅಜ್ಜಿಯ ಅಜ್ಜಿಯೂ ಸಿಗುತ್ತಾಳೆ. ನಮ್ಮಲ್ಲಿ ಅವಳು ಕೋಂ ಅನ್ನುವ ಒಂದಕ್ಷರದ ಹಿಂದೆ ಮರೆಯಾಗಿದ್ದಾಳೆ. ಅವಳನ್ನು ಹೊರತರುವುದು ಹೇಗೆ ಎಂಬುದನ್ನು ಮುಂದೆ ನೋಡೋಣ. ಮೊದಲು ಹೆಸರಿಡುವ ಪದ್ಧತಿ ತಿಳಿಯಬೇಕು.

ಹೆಸರು ಹೇಳುವ ಗುಟ್ಟು

ಈ ಭಾಗದಲ್ಲಿ ಗಂಡುಮಗುವಿಗೆ ಅಜ್ಜನ ಹೆಸರು, ಹೆಣ್ಣುಮಗುವಿಗೆ ಅಜ್ಜಿಯ ಹೆಸರು ಇಡುವುದು ಹಳೆಯ ವಾಡಿಕೆ. ಹಾಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಹಾಲಪ್ಪ. ಕಾಗದದಲ್ಲಿ ಇಬ್ಬರು ಹಾಲಪ್ಪರು ಸಿಕ್ಕಾಗ ಒಬ್ಬರನ್ನೇ ಎರಡು ಸಲ ಬರೆದಿದ್ದಾರೆ ಅಂದುಕೊಂಡು ನಡುವಿನ ತಲೆಮಾರು ಹಾರಿಸುವವರು ಬಹಳ. ನಿಮ್ಮ ಟಿಪ್ಪಣಿಯಲ್ಲಿ ಹಾಲಪ್ಪ-1, ಹಾಲಪ್ಪ-2 ಎಂದು ನಂಬರು ಹಾಕಿಕೊಳ್ಳಿ. ದೊಡ್ಡ, ಸಣ್ಣ, ಹಿರೇ ಎಂಬ ಮುಂಪದಗಳನ್ನು ಅಪ್ಪ-ಮಗ ಎಂದು ನಂಬಬೇಡಿ. ಅಣ್ಣ-ತಮ್ಮ ಆಗಿರಬಹುದು, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳೂ ಆಗಿರಬಹುದು. ದೊಡ್ಡ ಹಾಲಪ್ಪ ತೀರಿಕೊಂಡ ಮೇಲೆ ಸಣ್ಣ ಹಾಲಪ್ಪ ಬರೀ ಹಾಲಪ್ಪ ಆಗಿಬಿಡುವುದೂ ಉಂಟು.

ಅಜ್ಜ ಬದುಕಿದ್ದಾಗಲೇ ಮೊಮ್ಮಗನಿಗೆ ಅವರ ಹೆಸರಿಟ್ಟರೆ ಇನ್ನೊಂದು ಪೇಚು. ಸೊಸೆ ಮಾವನ ಹೆಸರು ಹಿಡಿದು ಮಗುವನ್ನು ಗದರುವಂತಿಲ್ಲ. ಆಗ ಮಗು ಮನೆಯಲ್ಲಿ ‘ಅಜ್ಜಯ್ಯ’ನೋ ‘ಅಪ್ಪಾಜಿ’ಯೋ ಆಗುತ್ತದೆ. ತೊಟ್ಟಿಲು ಶಾಸ್ತ್ರದ ದಿನ ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರು ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು, ಮೇಷ್ಟ್ರು ಶಾಲೆಯ ವಹಿಯಲ್ಲಿ ಬರೆದದ್ದು ಮತ್ತೊಂದು. ಹಿರಿಯರೊಬ್ಬರ ಮೂರೂ ಹೆಸರು ಕೇಳಿ ಬರೆದುಕೊಳ್ಳದೆ ಯಾವ ಕಚೇರಿಗೂ ಹೋಗಬೇಡಿ.

ಹೆಸರು ಒಂದು ದಿಕ್ಕನ್ನೂ ತೋರಿಸುತ್ತದೆ. ಮನೆದೇವರ ಹೆಸರು ಮಕ್ಕಳಿಗೆ ಇಡುವುದರಿಂದ ಹೆಸರನ್ನು ಕೇಳಿದರೆ ಕುಲದ ಒಕ್ಕಲುತನ ಎಲ್ಲಿಯದು ಎಂದು ಊಹಿಸಬಹುದು. ಕೊಟ್ರಪ್ಪ, ಕೊಟ್ರೇಶ, ಕೊಟ್ರಮ್ಮ ಇದ್ದರೆ ಕೊಟ್ಟೂರು ಗುರುಬಸವೇಶ್ವರ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಅಂದರೆ ನಾಯಕನಹಟ್ಟಿ. ಮರುಳಸಿದ್ದಪ್ಪ ಅಂದರೆ ಉಜ್ಜಿನಿ ಅಥವಾ ಸಿರಿಗೆರೆಯ ಕಡೆಯ ನಂಟು. ಕರಿಬಸಪ್ಪ ಅಂದಾಕ್ಷಣ ಉಕ್ಕಡಗಾತ್ರಿ ಅಜ್ಜಯ್ಯ. ಹಾಲಪ್ಪ, ಹಾಲೇಶ, ಹಾಲಮ್ಮ ಹಾಲಸ್ವಾಮಿ ಮಠದ ಭಕ್ತರ ಮನೆಯವರು. ಬೆಳಗುತ್ತಿ ಕಡೆಯವರಲ್ಲಿ ತೀರ್ಥಪ್ಪ, ತೀರ್ಥಲಿಂಗಪ್ಪ ಇದ್ದರೆ ತೀರ್ಥರಾಮೇಶ್ವರ. ಚನ್ನಗಿರಿ ಸುತ್ತ ರಂಗಪ್ಪ, ರಂಗಮ್ಮ ಇದ್ದರೆ ಕೋಟೆ ಮೇಲಿನ ರಂಗನಾಥ. ಜಗಳೂರಿನ ನಾಯಕ ಸಮುದಾಯದ ಹಟ್ಟಿಗಳಲ್ಲಿ ಬೋರಯ್ಯ, ಓಬಯ್ಯ, ಪಾಲಯ್ಯ ಎಂಬ ಹೆಸರುಗಳು ಮ್ಯಾಸಬೇಡರ ದೈವಗಳಿಂದ, ಬುಡಕಟ್ಟಿನ ವೀರರಿಂದ ಬಂದವು.

ಇದನ್ನು ಬಳಸುವುದು ಹೀಗೆ. ನಿಮ್ಮ ಮನೆಯಿರುವುದು ಚನ್ನಗಿರಿಯ ನಲ್ಲೂರಿನಲ್ಲಿ, ಆದರೆ ಹಿಂದಿನ ಮೂರು ತಲೆಮಾರಿನಲ್ಲೂ ಒಬ್ಬೊಬ್ಬ ಕೊಟ್ರಪ್ಪ ಇದ್ದಾನೆ ಅನ್ನಿ. ಕುಟುಂಬ ಎಂದೋ ಕೊಟ್ಟೂರು-ಜಗಳೂರು ಕಡೆಯಿಂದ ನೀರಿನ ಸೀಮೆಗೆ ಇಳಿದು ಬಂದಿರುವ ಸಾಧ್ಯತೆ ಇದೆ. ಸಾಧ್ಯತೆ ಅಷ್ಟೇ. ಹರಕೆ ಹೊತ್ತು ಹುಟ್ಟಿದ ಮಗುವಿಗೂ ಅದೇ ಹೆಸರಿಡುತ್ತಾರೆ. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದದ್ದೂ ಇದೆ. ಅಲ್ಲಿ ನಾಯಕನಹಟ್ಟಿಯ ಮಾತೇ ಬರುವುದಿಲ್ಲ. ಕಲ್ಲಪ್ಪ, ಗುಂಡಪ್ಪ, ಅಡವೆಪ್ಪ ಎಂಬ ಹೆಸರು ಸಿಕ್ಕರೆ ಅವರ ಮುಂಚೆ ತೀರಿಹೋದ ಮಕ್ಕಳಿದ್ದವೇ ಎಂದು ಮೆಲ್ಲಗೆ ಕೇಳಿ ನೋಡಿ. ಯಾವ ರಿಜಿಸ್ಟರಿನಲ್ಲೂ ಇಲ್ಲದ ಕೂಸುಗಳು ಹಾಗೆ ವಂಶವೃಕ್ಷಕ್ಕೆ ಬಂದು ಸೇರುತ್ತವೆ.

ಹೊಳೆಯಾಚೆಯ ಬರವಣಿಗೆ

ಹೆಸರು ಬರೆಯುವ ಕ್ರಮ ಯಾವ ಸರ್ಕಾರದ ಗುಮಾಸ್ತ ಬರೆದ ಎಂಬುದರ ಮೇಲೂ ನಿಂತಿದೆ. ನಮ್ಮ ನಾಲ್ಕೂ ತಾಲ್ಲೂಕು ಹಳೇ ಮೈಸೂರು ಸಂಸ್ಥಾನದವು. ಮೈಸೂರಿನ ಕ್ರಮದಲ್ಲಿ ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಆದರೆ ಹೊನ್ನಾಳಿಯಿಂದ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಹಿರೇಕೆರೂರು. 1956ರ ನವೆಂಬರ್ 1ರವರೆಗೆ ಅವು ಮುಂಬೈ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆಯವು. ಅಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಬಿನ್ ಬದಲು ‘ತಂದೆ’, ಯಾನೆ ಬದಲು ‘ಉರ್ಫ್’, ಪಹಣಿ ಬದಲು ‘ಉತಾರ’. ಹೊಳೆಯಾಚೆ ‘ಬಣಕಾರ’ ಎಂದು ದಾಖಲಾದ ಮನೆಯ ಮಗನೊಬ್ಬ ಈಚೆ ಬಂದು ಹೊಲ ಕೊಂಡರೆ ಅಡ್ಡಹೆಸರು ಉದುರಿಹೋಗಿ ಬರೀ ಇನಿಷಿಯಲ್ ಉಳಿಯುತ್ತದೆ. ಈಚೆ ದಂಡೆಯಲ್ಲಿ ಹುಡುಕಿ ಸೋತವರು ಆಚೆ ದಂಡೆಯ ಉತಾರದಲ್ಲಿ ನೋಡಬೇಕು. ಹಾವೇರಿ ಜಿಲ್ಲೆಯ ಬೀಗರಿರುವ ಮನೆಗಳಲ್ಲಿ ಇದು ಮೇಲಿಂದ ಮೇಲೆ ಕಾಣುವ ಸಂಗತಿ.

ಜಗಳೂರಿನವರಿಗೆ ಗಡಿ ಇನ್ನೊಂದು ದಿಕ್ಕಿನಲ್ಲಿತ್ತು. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಆ ಕಡೆಯ ಕಾಗದಗಳಲ್ಲಿ ಫಸಲಿ ವರ್ಷ ಹಾಕಿರುತ್ತಾರೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ.

ನಮ್ಮ ಕಡೆಯ ಹಳೆಯ ಕರಾರು ಪತ್ರಗಳಲ್ಲಿ ಸಂವತ್ಸರದ ಹೆಸರು ಸಾಮಾನ್ಯ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಗೊಂದಲ. ಪ್ರಭವ ಬಂದದ್ದು 1867-68, 1927-28 ಮತ್ತು 1987-88ರಲ್ಲಿ. ಪಂಚಾಂಗದ ಪಟ್ಟಿ ಇಟ್ಟುಕೊಂಡು ಅಲ್ಲಿಂದ ಎಣಿಸಿದರಾಯಿತು. ಆನಂದ ಅಂದರೆ 1914-15 ಅಥವಾ 1974-75. ಎರಡರಲ್ಲಿ ಯಾವುದು ಎಂದು ಛಾಪಾ ಕಾಗದ, ಸಾಕ್ಷಿದಾರರ ಹೆಸರು ನೋಡಿ ತೀರ್ಮಾನಿಸಬೇಕು. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ. ಬಾಯಿಮಾತಿನ ಕಾಲಗಣನೆಯನ್ನೂ ತಳ್ಳಿಹಾಕಬೇಡಿ. ‘ಧಾತು ಬರದಲ್ಲಿ ಊರು ಬಿಟ್ಟು ಬಂದ್ವಂತೆ’ ಅಂದರೆ 1876ರಿಂದ 78ರ ನಡುವಿನ ಮಾತು. ಮೈಸೂರು ಸಂಸ್ಥಾನದಲ್ಲಿ ಲಕ್ಷ ಲಕ್ಷ ಜನ ಸತ್ತ ಬರ ಅದು. ‘ಪ್ಲೇಗಿನಲ್ಲಿ’ ಅಂದರೆ 1898ರ ಆಚೀಚೆಯಿಂದ ಮುಂದಿನ ದಶಕಗಳು.

ಹೀಗೆ ಬಿಟ್ಟುಬಂದ ಊರುಗಳಲ್ಲಿ ಎಷ್ಟೋ ಈಗ ಇಲ್ಲ. ಮನೆಗಳು ಕುಸಿದು, ಬೇವಿನ ಮರ, ಹನುಮಪ್ಪನ ಗುಡಿ ಉಳಿದು, ಸುತ್ತ ಉಳುಮೆಯಾಗಿದೆ. ಆದರೆ ಕಂದಾಯದ ಲೆಕ್ಕದಲ್ಲಿ ಆ ಊರು ಜೀವಂತ. ಅದನ್ನು ‘ಬೇಚಿರಾಕ್ ಗ್ರಾಮ’ ಎನ್ನುತ್ತಾರೆ. ದೀಪ ಹಚ್ಚುವವರಿಲ್ಲದಿದ್ದರೂ ಅದಕ್ಕೆ ಪ್ರತ್ಯೇಕ ನಕ್ಷೆ, ಪ್ರತ್ಯೇಕ ಸರ್ವೆ ನಂಬರು ಇರುತ್ತವೆ. ಇನಿಷಿಯಲ್‌ನಲ್ಲಿರುವ ಊರು ಭೂಪಟದಲ್ಲಿ ಸಿಗದಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು, ಅಂದರೆ ನಾವು ಈಗಲೂ ಗ್ರಾಮ ಲೆಕ್ಕಿಗರು ಎನ್ನುವವರನ್ನು, ಹೋಬಳಿಯ ಬೇಚಿರಾಕ್ ಗ್ರಾಮಗಳ ಹೆಸರು ಕೇಳಿ.

ತವರಿನ ದಾರಿ

ಈಗ ಕೋಂ ಹಿಂದೆ ಅಡಗಿದ ಅಜ್ಜಿಯ ವಿಚಾರ. ಅವಳ ತಂದೆಯ ಹೆಸರು ಗಂಡನ ಮನೆಯ ಯಾವ ಪಹಣಿಯಲ್ಲೂ ಇರುವುದಿಲ್ಲ. ಆದರೆ ಮನೆಯವರ ನಾಲಿಗೆಯ ಮೇಲೆ ಅವಳ ಊರು ಇರುತ್ತದೆ. ಸಂತೇಬೆನ್ನೂರು ಅತ್ತೆ, ಸವಳಂಗದ ದೊಡ್ಡಮ್ಮ, ಆಸಗೋಡಿನ ಚಿಗಮ್ಮ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಎರಡು-ಮೂರು ಸೊಸೆಯಂದಿರಿದ್ದ ಕೂಡುಕುಟುಂಬದಲ್ಲಿ ಬೇರೆ ಹೇಗೆ ಕರೆಯಬೇಕು? ಆ ಊರಿನ ಹೆಸರೇ ನಿಮ್ಮ ಸುಳಿವು. ಆ ಊರಿಗೆ ಹೋಗಿ, ‘ನಮ್ಮ ಮುತ್ತಜ್ಜಿ ಈ ಊರವಳಂತೆ, ಇಂಥ ಊರಿಗೆ ಕೊಟ್ಟಿದ್ದರಂತೆ’ ಎಂದು ಕಟ್ಟೆಯ ಮೇಲೆ ಕೂತ ಹಿರಿಯರಲ್ಲಿ ಮಾತು ತೆಗೆದರೆ ಸಾಕು. ಯಾವ ಓಣಿ, ಯಾರ ಮನೆ ಎಂದು ಅವರೇ ಚರ್ಚೆಗೆ ಇಳಿಯುತ್ತಾರೆ. ಹೆಣ್ಣು ಕೊಟ್ಟ ಊರನ್ನು ನಮ್ಮ ಜನ ಸುಲಭಕ್ಕೆ ಮರೆಯುವುದಿಲ್ಲ.

ಅಜ್ಜಿಯ ತಮ್ಮನಿಗೆ, ಅಂದರೆ ನಿಮ್ಮ ಅಪ್ಪನ ಸೋದರಮಾವನಿಗೆ, ಅಕ್ಕನ ಮಗಳನ್ನು ಕೊಟ್ಟಿದ್ದರೆ ಎರಡು ಮನೆಗಳ ನಂಟು ತಲೆಮಾರುಗಟ್ಟಲೆ ಹೆಣೆದುಕೊಂಡಿರುತ್ತದೆ. ಇಂಥಲ್ಲಿ ಮರದ ಹಾಗೆ ಕೊಂಬೆ ಬಿಡಿಸಿ ಬರೆಯುವ ನಕ್ಷೆ ಕೆಲಸಕ್ಕೆ ಬಾರದು. ಒಬ್ಬಳೇ ಹೆಣ್ಣುಮಗಳು ಮೊಮ್ಮಗಳಾಗಿಯೂ ಸೊಸೆಯಾಗಿಯೂ ಎರಡು ಕಡೆ ಬರುತ್ತಾಳೆ. ಪ್ರತಿಯೊಬ್ಬರಿಗೂ ಒಂದು ಹಾಳೆ ಇಟ್ಟು, ಅದರಲ್ಲಿ ಅಪ್ಪ, ಅಮ್ಮ, ತವರು, ಕೊಟ್ಟ ಊರು, ಮನೆದೇವರು, ಬೆಡಗು ಬರೆಯುವುದು ನನಗೆ ಕಂಡಂತೆ ಒಳ್ಳೆಯ ಕ್ರಮ. ಬೆಡಗು ಮರೆಯಬೇಡಿ. ಕುರುಬರು, ನಾಯಕರು ಸೇರಿದಂತೆ ಹಲವು ಸಮುದಾಯಗಳಲ್ಲಿ ಒಂದೇ ಬೆಡಗಿನೊಳಗೆ ಮದುವೆ ಇಲ್ಲ. ಹಾಗಾಗಿ ಓದು ಬರಹ ಇಲ್ಲದ ಹಿರಿಯರಿಗೂ ಮನೆ ಮನೆಯ ಬೆಡಗು ಬಾಯಿಪಾಠ.

ಹಳೆಯ ಕಾಲದ ಹೆಂಗಸರಿಂದ ಹೆಸರು ಹೊರಡಿಸುವುದು ಒಂದು ಕಲೆ. ಗಂಡನ ಹೆಸರು, ಮಾವನ ಹೆಸರು ಬಾಯಲ್ಲಿ ಹೇಳದ ತಲೆಮಾರು ಅದು. ‘ನಿಮ್ಮ ಮಾವನ ಹೆಸರೇನು’ ಎಂದು ನೇರವಾಗಿ ಕೇಳಿದರೆ ಪಕ್ಕದಲ್ಲಿರುವ ಮಗನ ಮುಖ ನೋಡುತ್ತಾರೆ. ಅದರ ಬದಲು ‘ಅಜ್ಜಿ, ನಿನ್ನ ಮದುವೇಲಿ ಏನು ಒಗಟು ಹೇಳಿದ್ದೆ?’ ಎಂದು ಕೇಳಿ. ಒಗಟಿನ ಕೊನೆಗೆ ಗಂಡನ ಹೆಸರು ತಾನಾಗಿ ಬಂದು ಕೂರುತ್ತದೆ, ಜೊತೆಗೆ ನಗು. ‘ಹೆರಿಗೆಗೆ ತವರಿಗೆ ಹೋದಾಗ ಗಾಡಿ ಹೊಡ್ಕೊಂಡು ಯಾರು ಬಂದಿದ್ರು?’ ಎಂದರೆ ಅಣ್ಣತಮ್ಮಂದಿರು, ಅವರ ಊರು, ದಾರಿಯಲ್ಲಿ ಉಳಿದ ನೆಂಟರ ಮನೆ ಎಲ್ಲ ಬರುತ್ತವೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಹೇಳಿಯೇ ಮಾಡಿ.

ಇನ್ನೊಂದು ಹೊತ್ತು ಹಿರೇರ ಹಬ್ಬ. ಕೆಲವು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ, ಕೆಲವರಲ್ಲಿ ದೀಪಾವಳಿಗೆ ಎಡೆ ಇಡುತ್ತಾರೆ. ಕಂಬಳಿಯ ಮೇಲೆ ಪಂಚೆ, ಸೀರೆ, ಕುಪ್ಪಸದ ಕಣ ಮಡಚಿಟ್ಟು, ಇದು ಅಜ್ಜನಿಗೆ, ಇದು ಮುತ್ತೈದೆಯಾಗಿ ಹೋದ ದೊಡ್ಡಮ್ಮನಿಗೆ ಎಂದು ಹೇಳುತ್ತಾ ಹೋಗುತ್ತಾರೆ. ಆ ಪಟ್ಟಿಯಲ್ಲಿ ಮದುವೆಯಾಗದೆ ತೀರಿಕೊಂಡವರು, ಮೊದಲ ಹೆಂಡತಿ, ಮಕ್ಕಳಿಲ್ಲದ ಚಿಕ್ಕಪ್ಪ ಇರುತ್ತಾರೆ. ಆಸ್ತಿಯ ಕಾಗದ ಇವರನ್ನೆಲ್ಲ ಮರೆತಿರುತ್ತದೆ, ಎಡೆ ಮರೆಯುವುದಿಲ್ಲ.

ಹೆಳವರು, ಢಾಡಿಗಳು

ಕಾಗದಕ್ಕಿಂತ ಹಿಂದಿನದು ಬೇಕಿದ್ದರೆ ಹೆಳವರನ್ನು ಕಾಯಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೇ ಇವರ ಪ್ರಸ್ತಾಪ ಇದೆ: ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು ಬಂದು ಮನೆಮನೆಯ ಚರಿತ್ರೆ ಹೇಳುವವರು ಎಂದು. ಈಗ ಎತ್ತಿನ ಬದಲು ಬೈಕು ಬಂದಿದೆ, ಅಷ್ಟೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಒಬ್ಬೊಬ್ಬ ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಒಕ್ಕಲು ಎಂದು ಹಂಚಿಕೆ ಇರುತ್ತದೆ. ಬೇರೆಯವರು ನಿಮ್ಮ ಮನೆತನ ಹೇಳಲಾರರು. ಅಂಗಳದಲ್ಲಿ ನಿಂತು ಮೂಲಪುರುಷ ಯಾವ ಊರು ಬಿಟ್ಟ, ಯಾಕೆ ಬಿಟ್ಟ, ಎಷ್ಟು ಮಕ್ಕಳು, ಯಾರು ಬೇರೆಯಾಗಿ ಎಲ್ಲಿ ಹೋದರು ಎಂದು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ವಹಿಗೆ ಸೇರಿಸಿಕೊಂಡು ಹೋಗುತ್ತಾರೆ. ಕೊಡುವುದು ಕಾಳು, ಬಟ್ಟೆ, ದುಡ್ಡು.

ಅವರು ಬಂದಾಗ ಮನೆಯಲ್ಲಿ ದೊಡ್ಡವರಿಲ್ಲವೆಂದು ಕಳಿಸಿಬಿಡುವುದು ಈಗಿನ ಅಭ್ಯಾಸ. ಹಾಗೆ ಮಾಡಬೇಡಿ. ಅವರ ಊರು, ಫೋನ್ ನಂಬರು ಕೇಳಿಟ್ಟುಕೊಳ್ಳಿ. ವಹಿಯ ಫೋಟೊ ತೆಗೆಯಲು ಅವರು ಒಪ್ಪದಿದ್ದರೆ ಒತ್ತಾಯ ಬೇಡ. ಅದು ಅವರ ಹೊಟ್ಟೆಪಾಡು. ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಲು ಒಪ್ಪಿಗೆ ಕೇಳಿ. ನಂಬಿಕೆಯ ವಿಷಯಕ್ಕೆ ಬಂದರೆ, ಈಚಿನ ನಾಲ್ಕೈದು ತಲೆಮಾರನ್ನು ಪಹಣಿಯೊಂದಿಗೆ ತಾಳೆ ನೋಡಬಹುದು. ಅದಕ್ಕೂ ಹಿಂದೆ ಹೋದಂತೆ ಹೆಸರುಗಳ ನಡುವೆ ಪವಾಡ, ಪಾಳೇಗಾರರ ಕತೆ ಬೆರೆಯುತ್ತವೆ. ಅವನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಒಂದು ಕೊರತೆ ಉಂಟು: ಹೆಳವರ ಲೆಕ್ಕ ಬಹುಮಟ್ಟಿಗೆ ಗಂಡು ಸಂತಾನದ್ದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಬಂಜಾರರು ನಡೆದುಕೊಳ್ಳುವ ಕ್ಷೇತ್ರ. ಫೆಬ್ರುವರಿಯ ಜಯಂತಿಗೆ ನಾಡಿನ ಹೊರಗಿನಿಂದಲೂ ಜನ ಬರುತ್ತಾರೆ. ಬಂಜಾರರಲ್ಲಿ ವಂಶಾವಳಿ ಹಾಡುವವರು ಢಾಡಿಗಳು. ಉತ್ತರ ಕರ್ನಾಟಕದಲ್ಲಿ ರಾಠೋಡ, ಪವಾರ, ಚವ್ಹಾಣ ಎಂಬ ಗೋತ್ರಗಳೇ ಅಡ್ಡಹೆಸರಾಗಿ ದಾಖಲೆಗೆ ಹೋಗಿವೆ. ನಮ್ಮ ಕಡೆ ಹೆಸರಿನ ಮುಂದೆ ‘ನಾಯ್ಕ’, ಹೆಂಗಸರಿಗೆ ‘ಬಾಯಿ’ ಬರೆದದ್ದರಿಂದ ಗೋತ್ರ ಕಾಗದದಲ್ಲಿ ಕಾಣುವುದಿಲ್ಲ, ತಾಂಡಾದ ಹಿರಿಯರನ್ನೇ ಕೇಳಬೇಕು. ನಾಯ್ಕ, ನಾಯಕ ಎಂಬ ಕಾಗುಣಿತದ ವ್ಯತ್ಯಾಸ ನೋಡಿ ಲಂಬಾಣಿಯೋ ಬೇಡರೋ ಎಂದು ನಿರ್ಧರಿಸಲು ಹೋಗಬೇಡಿ. ಗುಮಾಸ್ತರು ಎರಡನ್ನೂ ಮನಬಂದಂತೆ ಬರೆದಿದ್ದಾರೆ. ತಾಂಡಾ, ಹಟ್ಟಿಗಳಲ್ಲಿ ಬಹಳಷ್ಟು ಈಚಿನವರೆಗೂ ಕಂದಾಯ ಗ್ರಾಮಗಳಾಗಿರಲಿಲ್ಲ. ಅವುಗಳ ದಾಖಲೆ ಪಕ್ಕದ ಮೂಲ ಗ್ರಾಮದ ಹೆಸರಿನಲ್ಲಿರುತ್ತದೆ.

ಮುಸ್ಲಿಂ ಕುಟುಂಬಗಳಿಗೆ ಒಂದು ಅನುಕೂಲ ಇದೆ. ನಿಕಾಹ್ ದಾಖಲೆಯಲ್ಲಿ ವರನ ಜೊತೆ ವಧುವಿನ ತಂದೆಯ ಹೆಸರು, ಸಾಕ್ಷಿಗಳು, ಮೆಹರ್ ಎಲ್ಲ ಬರೆದಿರುತ್ತದೆ. ಕ್ವಿಬೆಕ್‌ನ ಚರ್ಚ್ ವಹಿಗೆ ನಮ್ಮಲ್ಲಿ ಹತ್ತಿರದ್ದು ಇದೇ. ಊರಿನ ಜಮಾತ್ ಅಥವಾ ಖಾಜಿ ಮನೆಯಲ್ಲಿ ಹಳೆಯ ವಹಿ ಉಳಿದಿದೆಯೇ ಎಂದು ವಿಚಾರಿಸಿ.

ಕಚೇರಿಯ ಮೆಟ್ಟಿಲು

ದಾಖಲೆ ಹುಡುಕುವ ಮುನ್ನ ಜಿಲ್ಲೆಯ ಚರಿತ್ರೆ ಗೊತ್ತಿರಲಿ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಆದ್ದರಿಂದ ನ್ಯಾಮತಿಯವರು ಹಳೆಯ ಕಡತಕ್ಕೆ ಹೊನ್ನಾಳಿಯಲ್ಲಿ ವಿಚಾರಿಸಬೇಕಾಗಬಹುದು, ಜಿಲ್ಲಾ ಮಟ್ಟದ ಹಳೆಯ ಕಡತಕ್ಕೆ ಶಿವಮೊಗ್ಗ ಅಥವಾ ಚಿತ್ರದುರ್ಗದತ್ತ ಮುಖ ಮಾಡಬೇಕಾಗಬಹುದು.

ಆರಂಭ ಇಂದಿನ ಪಹಣಿಯಿಂದ. ಒಂಬತ್ತನೇ ಕಾಲಂನಲ್ಲಿ ಹೆಸರು, ಹತ್ತನೆಯದರಲ್ಲಿ ಆ ಹೆಸರು ಹೇಗೆ ಬಂತು ಎಂಬುದು: ಮ್ಯುಟೇಷನ್ ನಂಬರು ಮತ್ತು ವರ್ಷ. ಆ ನಂಬರು ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಷನ್ ರಿಜಿಸ್ಟರಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಪೌತಿ ಖಾತೆ ಆಗಿದ್ದರೆ ಯಾರು ಯಾವಾಗ ಸತ್ತರು, ವಾರಸುದಾರರು ಯಾರು ಎಂಬುದು ಅದರಲ್ಲಿರುತ್ತದೆ. ಅಲ್ಲಿಂದ ಹಿಂದಿನ ನಂಬರು, ಅದಕ್ಕೂ ಹಿಂದಿನದು. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹತ್ತಿದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದೆಲ್ಲ ಕೈಬರಹ. ಭೂಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ, ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಮುಗಿದಿದೆ ಎಂದು ಮೊದಲು ಕೇಳಿ. ಮುಟ್ಟಿದರೆ ಪುಡಿಯಾಗುವ ಹಾಳೆ ತಿರುವುವ ಕಷ್ಟ ತಪ್ಪೀತು.

ಜನ ನೆನಪಿಸಿಕೊಳ್ಳದ ಎರಡು ಕಡತಗಳಿವೆ. ನನ್ನ ಲೆಕ್ಕದಲ್ಲಿ ಪಹಣಿಗಿಂತ ಇವೇ ರಸವತ್ತು. ಮೊದಲನೆಯದು ಗ್ರಾಮಾಧಿಕಾರ ರದ್ದಾದಾಗಿನದು. ಪಟೇಲ, ಶಾನುಭೋಗ, ತಳವಾರ, ತೋಟಿ ಮುಂತಾದ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯ್ದೆಯ ಪ್ರಕಾರ 1963ರ ಫೆಬ್ರುವರಿ 1ರಿಂದ ಕೊನೆಗೊಂಡವು. ಅವರು ಅನುಭವಿಸುತ್ತಿದ್ದ ಇನಾಮು ಜಮೀನನ್ನು ಅದೇ ಮನೆಯವರಿಗೆ ಮರುಮಂಜೂರು ಮಾಡುವಾಗ ವಾರಸುದಾರಿಕೆ ತೋರಿಸಬೇಕಿತ್ತು. ಅಣ್ಣತಮ್ಮಂದಿರ ತಕರಾರು ಇದ್ದಲ್ಲಂತೂ ಮೂರು-ನಾಲ್ಕು ತಲೆಮಾರಿನ ವಂಶಾವಳಿ, ಹೇಳಿಕೆ, ಮಹಜರು ಎಲ್ಲ ಕಡತದಲ್ಲಿ ಹೊಲಿದಿರುತ್ತಾರೆ. ಎರಡನೆಯದು ಭೂನ್ಯಾಯ ಮಂಡಳಿಯದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಕೊಟ್ಟ ಫಾರಂ ನಂ. 7ರಲ್ಲಿ ಯಾರ ಹೊಲ, ಯಾರು ಉಳುತ್ತಿದ್ದರು, ಎಷ್ಟು ಕಾಲದಿಂದ ಎಂಬ ವಿವರ ಇರುತ್ತದೆ. ಸ್ವಂತ ಭೂಮಿ ಇಲ್ಲದೆ ಪಹಣಿಯಲ್ಲಿ ಹೆಸರೇ ಬಾರದ ಮನೆಗಳ ಅಜ್ಜಂದಿರು ಕಚೇರಿಯ ಕಾಗದದಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದು ಎಷ್ಟೋ ಸಲ ಇಲ್ಲೇ.

ಉಪನೋಂದಣಿ ಕಚೇರಿಯ ವಿಭಾಗ ಪತ್ರ, ದಾನಪತ್ರಗಳೂ ಬೇಕು. ನೋಂದಣಿಯಾಗದ ಪಾಲುಪಟ್ಟಿ ಟ್ರಂಕಿನ ತಳದಲ್ಲಿ ಇರಬಹುದು. ಜನನ-ಮರಣದ ರಿಜಿಸ್ಟರು 1969ರ ಕಾಯ್ದೆ ಬಂದ ಮೇಲೂ ಹಳ್ಳಿಗಳಲ್ಲಿ ಪೂರ್ತಿ ಆಗಿರಲಿಲ್ಲ. ಶಾಲೆಯ ದಾಖಲಾತಿ ವಹಿ ವಾಸಿ, ಆದರೆ ಅದರ ಹುಟ್ಟಿದ ದಿನಾಂಕ ನಂಬಬೇಡಿ. ಒಂದೇ ತರಗತಿಯ ಅರ್ಧ ಮಕ್ಕಳು ಜೂನ್ 1ಕ್ಕೆ ಹುಟ್ಟಿರುತ್ತಾರೆ. ಜನಗಣತಿಯಲ್ಲಿ ಮನೆಮನೆಯ ಹೆಸರು ಸಿಗುತ್ತದೆಂದು ಹೋಗಬೇಡಿ, ಆ ಹಾಳೆಗಳನ್ನು ಯಾರಿಗೂ ಕೊಡುವುದಿಲ್ಲ.

ಇನ್ನೂ ಹಳೆಯದರ ಹುಚ್ಚಿರುವವರಿಗೆ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಇದೆ. 1902ರ ಏಳನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ. 1903ರ ಹನ್ನೊಂದನೇ ಸಂಪುಟದಲ್ಲಿ ಜಗಳೂರು. ನಿಮ್ಮೂರಿನ ವೀರಗಲ್ಲು, ಮಾಸ್ತಿಕಲ್ಲಿನ ಪಾಠ ಸಿಕ್ಕೀತು. ಅದರಲ್ಲಿರುವ ಗೌಡ ನಿಮ್ಮ ಮುತ್ತಾತ ಎಂದು ಮಾತ್ರ ಹೇಳಲು ಹೋಗಬೇಡಿ. ಶಾನುಭೋಗರ ಮನೆಯವರ ಅಟ್ಟದಲ್ಲಿ ಮಡಿಕೆ ಮಡಿಕೆಯಾದ ಕಪ್ಪು ಕಡತವೋ ಮೋಡಿ ಅಕ್ಷರದ ಕಾಗದವೋ ಇದ್ದರೆ ಗುಜರಿಗೆ ಹಾಕದೆ ಸಾಗರ ತಾಲ್ಲೂಕಿನ ಕೆಳದಿಯಲ್ಲಿರುವ, ಕುವೆಂಪು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದವರಿಗೆ ತೋರಿಸಿ. ಚನ್ನಗಿರಿ ಸೀಮೆ ಕೆಳದಿ ಅರಸರ ಕೈಕೆಳಗಿತ್ತು. ಅದರ ಹೆಸರಲ್ಲೇ ಆ ಮನೆತನದ ಚನ್ನಮ್ಮಾಜಿ ಇದ್ದಾಳೆ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ದೃಢೀಕರಣ ಇದಕ್ಕೆಲ್ಲ ಬದಲಿ ಎಂದು ತಿಳಿಯಬೇಡಿ. ಅದು ಅರ್ಜಿದಾರರು ಅಫಿಡವಿಟ್ಟಿನಲ್ಲಿ ಹೇಳಿದ್ದನ್ನು ಗ್ರಾಮ ಆಡಳಿತ ಅಧಿಕಾರಿ ಊರಲ್ಲಿ ವಿಚಾರಿಸಿ ಕೊಡುವ ಪತ್ರ, ಖಾತೆ ಬದಲಾವಣೆಗೆ ಬೇಕಾದಷ್ಟು ಮಾತ್ರ. ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುವುದು ಧಾರಾಳ.

ಕೊನೆಯದಾಗಿ ಒಂದು ಎಚ್ಚರಿಕೆ, ಇದನ್ನು ಮೊದಲೇ ಹೇಳಬೇಕಿತ್ತೋ ಏನೋ. ನೀವು ಬೆಂಗಳೂರಿನಿಂದ ಬಂದು ಮುತ್ತಾತನ ಹೊಲದ ಪಹಣಿಗೆ, ಮ್ಯುಟೇಷನ್ನಿಗೆ ನಕಲು ಅರ್ಜಿ ಹಾಕಿದಿರಿ ಎಂಬ ಸುದ್ದಿ ನೀವು ಬಸ್ ಸ್ಟ್ಯಾಂಡಿಗೆ ವಾಪಸ್ ಬರುವಷ್ಟರಲ್ಲಿ ಊರು ಮುಟ್ಟಿರುತ್ತದೆ. ವಂಶದ ಮೇಲಿನ ಪ್ರೀತಿ ಎಂದು ದಾಯಾದಿಗಳು ನಂಬುವುದಿಲ್ಲ. ಪಾಲು ಕೇಳಲು ಬಂದ ಎಂದೇ ತಿಳಿಯುತ್ತಾರೆ. ಅರ್ಜಿ ಹಾಕುವ ಮೊದಲು ಮನೆಯ ಹಿರಿಯ ದೊಡ್ಡಪ್ಪನ ಬಳಿ ಕೂತು ವಿಷಯ ತಿಳಿಸಿ, ನೀವು ಬರೆಯುತ್ತಿರುವ ಹಾಳೆ ತೋರಿಸಿ, ಅವರ ಕೈಯಲ್ಲೇ ಒಂದೆರಡು ಹೆಸರು ತಿದ್ದಿಸಿ. ಆಗ ತಾಲ್ಲೂಕು ಕಚೇರಿಗೆ ಅವರೇ ಜೊತೆಗೆ ಬಂದಾರು. ಕೇಸ್ ವರ್ಕರ್ ಅವರಿಗೆ ಪರಿಚಯದವರೂ ಆಗಿರುತ್ತಾರೆ.